ಬಂಟ್ ಆಡಿದವನ ಹೆಸರು

ಅಡಿಲೇಡ್‌ನ ಸ್ಯಾಲಿಸ್‌ಬರಿಯಲ್ಲಿ ಬೋರ್ಡ್ ಬರೆಯುವುದು ಆಗ ನನ್ನ ಕೆಲಸ. ಅಲ್ಲಿನ ಬೇಸ್‌ಬಾಲ್ ಕ್ಲಬ್ಬಿನವರು ಹಳೇ ಮರದ ಸ್ಟ್ಯಾಂಡ್ ಕೆಡವುವ ಮೊದಲು, ಅದರ ಮೇಲಿದ್ದ ಆಟಗಾರರ ಹೆಸರುಗಳನ್ನು ಹೊಸ ಗೋಡೆಗೆ ಬರೆಯಲು ನನ್ನನ್ನು ಕರೆದರು. ಗೇಟಿನಲ್ಲಿ ಟಿಕೆಟ್ ಹರಿಯುವ ಮುದುಕ ಕೆನ್ ನನ್ನ ಹತ್ತಿರ ಬಂದು, "ನನ್ನ ಹೆಸರು ಎಲ್ಲಿ ಬರುತ್ತೆ ಮೇಟ್?" ಎಂದ. ಹಳೇ ಸ್ಟ್ಯಾಂಡಿನಲ್ಲಿ ಅವನ ಹೆಸರಿತ್ತು, ನನಗೆ ಕೊಟ್ಟ ಪಟ್ಟಿಯಲ್ಲಿ ಇರಲಿಲ್ಲ.

ಕ್ಲಬ್ಬಿನ ಅಧ್ಯಕ್ಷನನ್ನು ಕೇಳಿದೆ.

"ಅವನಾ? ಬರೀ ಬಂಟ್ ಆಡ್ತಿದ್ದ. ಜನ್ಮದಲ್ಲಿ ಚೆಂಡನ್ನ ಬೇಲಿಯಾಚೆ ಹಾರಿಸಿ ಒಂದು ಹೋಂ ರನ್ ಹೊಡೆದವನಲ್ಲ," ಎಂದು ನಕ್ಕ.

ನನಗೆ ಮೈಯೆಲ್ಲ ಉರಿಯಿತು. ಬಂಟ್ ಎಂದರೆ ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಡೆದು, ತಾನು ಔಟಾದರೂ ಜೊತೆಗಾರನನ್ನು ಮುಂದಿನ ಬೇಸ್‌ಗೆ ದಾಟಿಸುವುದು. ಅಂಥವನ ಹೆಗಲೇರಿ ಗೆದ್ದವರು ಈಗ ಅವನ ಹೆಸರನ್ನೇ ಅಳಿಸುತ್ತಾರೆ!

"ಪಟ್ಟಿಯ ಕೊನೆಯಲ್ಲಿ ನಿಮ್ಮ ಹೆಸರಿದೆಯಲ್ಲ, ನೀವೆಷ್ಟು ಹೊಡೆದಿರಿ?" ಎಂದೆ.

"ನಾನೆಲ್ಲಿ ಆಡಿದೆ? ನಾನು ಅಧ್ಯಕ್ಷ."

ಗೋಡೆಯಲ್ಲಿ ಉಳಿದಿದ್ದ ಕೊನೆಯ ಜಾಗದಲ್ಲಿ ಕೆನ್ ಹೆಸರನ್ನು ದಪ್ಪಕ್ಷರದಲ್ಲಿ ಬರೆದು ಬ್ರಷ್ ತೊಳೆದೆ. ಇನ್ನೊಬ್ಬರಿಗಾಗಿ ಅಧ್ಯಕ್ಷರೂ ಒಂದು ಸಲ ಔಟಾಗಲಿ ಬಿಡಿ.