ಯಾವ ಕಡ್ಲೆ?

ಕೀನ್ಯಾದ ಎಸ್ತರ್ ಮಂಡ್ಯಕ್ಕೆ ಓದಲು ಬಂದವಳು, ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು. ಕಡಲೆಕಾಯಿ ತಿಂದರೆ ಅವಳಿಗೆ ಉಸಿರೇ ಕಟ್ಟುತ್ತದೆ. ಒಂದು ಭಾನುವಾರ ಬಟ್ಟೆ ಕೊಳ್ಳಲು ಇಬ್ಬರೂ ಮಳವಳ್ಳಿಗೆ ಹೋಗಿ, ಹಸಿವಾಗಿ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿಗೆ ನುಗ್ಗಿದೆವು. ಅಕ್ಕಿ ರೊಟ್ಟಿಯನ್ನು ಎಸ್ತರ್ ನೋಡಿದ್ದೇ ಅವತ್ತು. ನಾನು ಕೈ ತೊಳೆದು ಬರುವಷ್ಟರಲ್ಲಿ ಅರ್ಧ ರೊಟ್ಟಿ ಚಟ್ನಿ ಸಮೇತ ಖಾಲಿ.

"ಅಕ್ಕಾ, ಚಟ್ನಿಗೆ ಏನ್ ಹಾಕಿದ್ದೀರಾ?" ಹೋಟೆಲಿನ ಹೆಂಗಸನ್ನು ಕೇಳಿದೆ.

"ಇನ್ನೇನ್ ಆಕ್ತಾರೆ? ಕಾಯಿ, ಕಡ್ಲೆ, ಮೆಣಸಿನ್ಕಾಯಿ."

ಕಡಲೆಕಾಯಿಯನ್ನೂ ಕಡ್ಲೆ ಅನ್ನುವವರಿದ್ದಾರೆ. ಮತ್ತೆ ಕೇಳಿದೆ, "ಯಾವ ಕಡ್ಲೆ?"

"ಅಂಗ್ಡೀಲಿ ಸಿಗೋ ಕಡ್ಲೆ ಕಣಮ್ಮ!"

ಅಷ್ಟರಲ್ಲಿ ಎಸ್ತರ್ ಕೆಮ್ಮತೊಡಗಿದಳು. ಕಣ್ಣಲ್ಲಿ ನೀರು. ಅವಳ ಬ್ಯಾಗಿಗೆ ಕೈ ಹಾಕಿದೆ. ಸದಾ ಜೊತೆಗಿರಬೇಕಾದ ಅಲರ್ಜಿಯ ಇಂಜೆಕ್ಷನ್ ಅದರಲ್ಲಿರಲಿಲ್ಲ.

"ಕಡ್ಲೆಕಾಯಾ?" ಎಂದು ಕಿರುಚಿಬಿಟ್ಟೆ.

ಅಕ್ಕ ಬೆಚ್ಚಿ, ಒಳಗಿಂದ ಡಬ್ಬ ತಂದು ಮುಚ್ಚಳ ತೆಗೆದಳು. ಹುರಿಗಡಲೆ.

"ಖಾರಕ್ಕೆ ಕೆಮ್ತಾವ್ಳೆ, ಅಷ್ಟೇಯ. ನೀನೇ ಬೆವ್ತೋಗಿದ್ದೀಯಲ್ಲವ್ವ, ಕೂತ್ಕೊ."

ಎಸ್ತರ್ ಕಣ್ಣೊರೆಸಿಕೊಂಡು ಇನ್ನೊಂದು ರೊಟ್ಟಿ ಕೇಳಿದಳು, ಚಟ್ನಿ ಜಾಸ್ತಿ ಇರಲಿ ಅಂತಲೂ ಸನ್ನೆ ಮಾಡಿದಳು. ನಾನು ಮಾತ್ರ ಎರಡು ಲೋಟ ನೀರಲ್ಲೇ ಊಟ ಮುಗಿಸಿದೆ.