ಸುಮ್ಮನಿರುವ ಚಿಕಿತ್ಸೆ

‘ಹೊಲಿಗೆ ಅಂಗಡಿ ನಡೆಸೋದು ನಿನ್ನ ಕೈಲಾಗಲ್ಲ’ ಎಂದಿದ್ದರು ನಮ್ಮ ಭಾವ. ಅದೇ ಹಟದಲ್ಲಿ ಚಾಮರಾಜಪೇಟೆಯಲ್ಲಿ ಅಂಗಡಿ ಇಟ್ಟೆ. ಕೆಲವು ವರ್ಷಕ್ಕೆ ಕಿಬ್ಬೊಟ್ಟೆಯಲ್ಲಿ ನೋವು ಶುರುವಾಯಿತು. ಶಂಕರಪುರದ ಸ್ಕ್ಯಾನಿಂಗ್ ಕೋಣೆಯಲ್ಲಿ ಹೊಟ್ಟೆ ತುಂಬ ನೀರು ಕುಡಿದು ಮಲಗಿದ್ದೆ. ಪರದೆಯ ಬೂದು ಮಂಜಿನಲ್ಲಿ ಅಮಾವಾಸ್ಯೆಯ ಚಂದ್ರನಂಥ ಕಪ್ಪು ಗುಂಡೊಂದು ತೇಲುತ್ತಿತ್ತು.

‘ಅಂಡಾಶಯದಲ್ಲಿ ನೀರು ತುಂಬಿದ ಸಿಸ್ಟ್ ಇದೆ’ ಎಂದರು ಡಾಕ್ಟರಮ್ಮ.

‘ನಾಳೇನೇ ತೆಗೆದುಬಿಡಿ ಮೇಡಂ, ದೀಪಾವಳಿ ಬಟ್ಟೆ ರಾಶಿ ಬಿದ್ದಿದೆ.’

‘ಕತ್ತರಿಸೋಕೆ ಇದೇನು ರವಿಕೆ ಪೀಸಾ? ಆತುರಪಟ್ರೆ ಅಂಡಾಶಯಾನೇ ಹೋದೀತು. ಇಂಥವು ಸಾಮಾನ್ಯವಾಗಿ ತಾವೇ ಕರಗುತ್ವೆ. ಎರಡು ತಿಂಗಳು ಬಿಟ್ಟು ಮತ್ತೆ ನೋಡೋಣ. ನೋವು ಜೋರಾದ್ರೆ ಮಾತ್ರ ತಕ್ಷಣ ಬನ್ನಿ. ಅಲ್ಲೀವರೆಗೂ ಸುಮ್ಮನಿರೋಕೆ ನಿಮ್ಮ ಕೈಲಾಗುತ್ತಾ?’

ಭಾವನೇ ಕೇಳಿದ ಹಾಗಿತ್ತು. ಹಟಕ್ಕೆ ಬಿದ್ದು ಸುಮ್ಮನಿದ್ದೆ. ಮುಂದಿನ ಸ್ಕ್ಯಾನಿನಲ್ಲಿ ಚಂದ್ರ ಕರಗಿಹೋಗಿದ್ದ.

ಈಗ ನನ್ನದೆನ್ನಲು ಸ್ವಂತ ಅಂಗಡಿಯಿದೆ, ಐದು ಹೊಲಿಗೆ ಮಿಷನ್ನುಗಳಿವೆ, ಎರಡು ಅಂಡಾಶಯಗಳಿವೆ. ಅಂಡಾಶಯಕ್ಕೆ ತೆತ್ತದ್ದು ಎರಡು ತಿಂಗಳ ಸುಮ್ಮನಿರುವಿಕೆ; ಎಲ್ಲಕ್ಕಿಂತ ದುಬಾರಿಯಾದದ್ದು ಅದೇ.