ಟೈಲರ್ ಮಾಮನ ಆಫ್‌ಸೈಡ್ ಟೇಪು

ನಮ್ಮ ಬೀದಿಯ ಟೈಲರ್ ಮಾಮನ ಪ್ರಕಾರ ಮಾರಿಹೋಗದ ರೆಫರಿ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹೊಲಿಗೆ ಯಂತ್ರಕ್ಕೆ ಫೋನು ಒರಗಿಸಿಕೊಂಡು ದಿನವಿಡೀ ಫುಟ್‌ಬಾಲ್ ಅಭಿಮಾನಿಗಳ ಗುಂಪಿನಲ್ಲಿ ಜಗಳವಾಡುತ್ತಾರೆ. ತಮ್ಮ ಕ್ಲಬ್ಬಿನ ಆಟಗಾರ ಎದುರಾಳಿಗಳನ್ನು ದಾಟಿ ಮುಂದೆ ನಿಂತಿದ್ದನೆಂದು ಗೋಲು ಆಫ್‌ಸೈಡ್ ಆಗಿ ರದ್ದಾದರೆ ವಿಡಿಯೋ ನಿಲ್ಲಿಸಿ, ಕೊರಳಿನ ಟೇಪನ್ನು ಪರದೆಗೆ ಹಿಡಿದು ಅಳೆದು, ಹೆಂಡತಿಯ ಫೋನಿನಲ್ಲಿ ಅದರ ಫೋಟೋ ತೆಗೆದು ಗುಂಪಿಗೆ ಹಾಕುತ್ತಾರೆ. "ಅಣ್ಣಾ, ರೆಫರಿಗೆ ಪ್ಯಾಂಟ್ ಹೊಲಿತಿದೀರಾ?" ಎಂದು ಯಾರಾದರೂ ಕೆಣಕಿದರೆ, ಅವನೂ ರೆಫರಿಯ ಕಡೆಯವನೇ. ಆಟಗಾರನಿಗೆ ಮಂಡಿನೋವೆಂದು ಕ್ಲಬ್ಬು ತಿಳಿಸಿದರೆ, "ಮಂಡಿಯಂತೆ ಮಂಡಿ, ಕೋಚ್ ಜೊತೆ ಕಿತ್ತಾಡ್ಕೊಂಡಿರ್ತಾನೆ" ಎನ್ನುತ್ತಾರೆ. ಕೆಂಪು ಕಾರ್ಡು ತಿಂದವನು ಕ್ಷಮೆ ಕೇಳಿದರೆ, ಅದನ್ನು ಬರೆದುಕೊಟ್ಟವರು ಯಾರು ಎಂಬ ಅನುಮಾನ. ಈಚೆಗೆ ಅವರ ಮಗಳೇ ಶಾಲಾ ಪಂದ್ಯಗಳಿಗೆ ರೆಫರಿಯಾಗಿದ್ದಾಳೆ; ಕಾರ್ಡು ಇಟ್ಟುಕೊಳ್ಳಲು ಅವಳ ಅಂಗಿಗೆ ಮಾಮನೇ ಜೇಬು ಹೊಲಿದುಕೊಟ್ಟರು. ಮೊದಲ ಪಂದ್ಯದಲ್ಲೇ ಅವಳು ಎದ್ದು ಕಾಣುವ ಆಫ್‌ಸೈಡ್ ಗೋಲೊಂದನ್ನು ಒಪ್ಪಿಬಿಟ್ಟಳು. ಸೋತವರು ಮಾಮನ ಹತ್ತಿರ ಓಡಿಬಂದು, "ನೀವೇ ಹೇಳಿ ಮಾಮ, ಗೆರೆ ಪಕ್ಕದಲ್ಲೇ ನಿಂತಿದ್ರಲ್ಲ" ಎಂದರು. ಮಾಮ ಕೊರಳಿನ ಟೇಪನ್ನು ನಿಧಾನವಾಗಿ ಸುತ್ತಿ ಜೇಬಿಗೆ ಹಾಕಿಕೊಂಡು, "ನಂಗೆ ಕಾಣ್ಲಿಲ್ಲಪ್ಪ, ಬಿಸಿಲು ಕಣ್ಣಿಗೆ ಹೊಡೀತಿತ್ತು" ಎಂದರು. ಅಂದು ಬೆಳಗಿನಿಂದಲೂ ಮೋಡ ಮುಚ್ಚಿಕೊಂಡಿತ್ತು.